ಹಳೆಯ ಎಂಜಿಬಿಗೆ ಎಚ್4 ಹೆಡ್‌ಲೈಟ್ ಮತ್ತು ರಿಲೇ ಕಿಟ್: ದೀರ್ಘಕಾಲ ಬಳಸಿದ ಮೇಲಿನ ಅಭಿಪ್ರಾಯ

ಈ ಕಿಟ್‌ನಲ್ಲಿ ಮೂರು ಭಾಗಗಳಿವೆ: ಉಬ್ಬುಗಾಜಿನ ಏಳಿಂಚಿನ ಎರಡು ಎಚ್4 (ಲೋ ಬೀಮಿಗೊಂದು, ಹೈಬೀಮಿಗೊಂದು ತಂತಿಯಿರುವ ಹ್ಯಾಲೊಜನ್ ಬಲ್ಬಿನ) ಹೆಡ್‌ಲೈಟ್‌ಗಳು, ಅವಕ್ಕೆ ಬ್ಯಾಟರಿಯಿಂದ ನೇರವಾಗಿ ಕರೆಂಟು ಒಯ್ಯುವ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) ವೈರಿಂಗ್, ಮತ್ತು ಹಿಂಬದಿಯ ದೀಪಗಳಿಗೆ ಎಲ್‌ಇಡಿ ಬಲ್ಬುಗಳು. ಇವನ್ನು 1965ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಹಾಕಿಸಿ, ಹಲವು ವರ್ಷ ಹಗಲೂ ರಾತ್ರಿ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಡ್‌ಲೈಟ್ ಮತ್ತು ರಿಲೇಗಳನ್ನು ಯಾರಿಗೇ ಆದರೂ ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಹಿಂಬದಿಯ ಎಲ್‌ಇಡಿಗಳನ್ನು ಕೆಲವು ಎಚ್ಚರಿಕೆಗಳೊಂದಿಗೆ ಒಪ್ಪುತ್ತೇನೆ. ಅದೇ ತಯಾರಕರು ಪ್ರತ್ಯೇಕವಾಗಿ ಮಾರುವ, ಎಚ್4 ಬಲ್ಬಿನ ಜಾಗದಲ್ಲಿ ಕೂರಿಸುವ ಎಲ್‌ಇಡಿ ಬಲ್ಬನ್ನು ಮಾತ್ರ ಯಾರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಜಿಬಿಯ ಮುಖಲಕ್ಷಣದ ಬಹುಪಾಲು ಅದರ ಹೆಡ್‌ಲೈಟ್‌ಗಳಲ್ಲಿದೆ. ಮಡ್‌ಗಾರ್ಡಿನ ಗುಳಿಯಲ್ಲಿ ತುಸು ಒಳಸರಿದು ಕುಳಿತ ದುಂಡು ಗಾಜು, ಅದರ ಸುತ್ತ ತೆಳುವಾದ ಕ್ರೋಮ್ ರಿಂಗ್, ಗಾಜಿನ ಮೇಲೆ ನಿಂತ ಗೀರುಗಳ ಸಾಲು, ಇವೆಲ್ಲ ಸೇರಿದರೇ ಆ ಮುಖ. ಅಮೆರಿಕದ ಕಾರುಗಳಿಗೆ 1940ರಿಂದ ಏಳಿಂಚಿನ ದುಂಡು ಸೀಲ್ಡ್ ಬೀಮ್ (ತಂತಿ, ಗಾಜು, ಪ್ರತಿಫಲಕ ಎಲ್ಲ ಒಂದಾಗಿ ಮುಚ್ಚಿದ) ದೀಪವೇ ಮಾನಕವಾದ್ದರಿಂದಲೂ, ಬೇರೆ ದೇಶಗಳ ತಯಾರಕರು ಅದೇ ಅಳತೆಯನ್ನು ಧಾರಾಳವಾಗಿ ಬಳಸಿದ್ದರಿಂದಲೂ, ಇಂದು ಆ ಅಳತೆಗೆ ಸಿಗುವ ದೀಪಗಳಿಗೆ ಲೆಕ್ಕವಿಲ್ಲ. ಆಯ್ಕೆ ಹೆಚ್ಚಿದಷ್ಟೂ ಕಾರಿನ ರೂಪಕ್ಕೆ ಒಗ್ಗದ ವಸ್ತುವನ್ನು ತಂದು ಕೂರಿಸುವ ಸಾಧ್ಯತೆಯೂ ಹೆಚ್ಚು. ಕಪ್ಪು ಹಿನ್ನೆಲೆಯಲ್ಲಿ ನಾಲ್ಕಾರು ಚಿಕ್ಕ ಮಸೂರಗಳಿರುವ ಪೂರ್ಣ ಎಲ್‌ಇಡಿ ಹೆಡ್‌ಲೈಟ್‌ಗಳು ರಸ್ತೆಯನ್ನು ಚೆನ್ನಾಗಿಯೇ ಬೆಳಗುತ್ತವೆ. ಸರಿಯಾದ ಪ್ರಮಾಣೀಕರಣವಿದ್ದರೆ ಸುರಕ್ಷತೆಯ ದೃಷ್ಟಿಯಿಂದ ಅವುಗಳಲ್ಲಿ ದೋಷ ಹುಡುಕುವುದು ಕಷ್ಟ. ಆದರೆ ಅವನ್ನು ಹಾಕಿದ ಎಂಜಿಬಿ ದೂರದಿಂದ ನೋಡಿದರೂ ಬೇರೆ ಯಾವುದೋ ಕಾರಿನಂತೆ ಕಾಣುತ್ತದೆ. ಈ ಕಿಟ್‌ನ ಗಾಜಿಗೆ ಆ ತೊಂದರೆಯಿಲ್ಲ. ಹಳೆಯ ರಿಂಗ್ ಅದರ ಮೇಲೆ ಸಲೀಸಾಗಿ ಕೂರುತ್ತದೆ, ಮತ್ತು ಗಾಜಿನ ಉಬ್ಬು ಮೂಲ ದೀಪದ ಉಬ್ಬಿಗೆ ಬಹಳ ಹತ್ತಿರವಿದೆ.

ಅಸಲಿತನದ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಚ್4 ಬಲ್ಬು ಬಂದದ್ದು 1971ರಲ್ಲಿ, ಅಂದರೆ ಅದು ಈ ಕಾರಿಗಿಂತ ಆರು ವರ್ಷ ಚಿಕ್ಕದು. ಕಟ್ಟುನಿಟ್ಟಿನ ಪ್ರದರ್ಶನಗಳಲ್ಲಿ ಕಾರನ್ನು ನಿಲ್ಲಿಸುವವರು ಇದನ್ನು ಗಮನದಲ್ಲಿಡಬೇಕು. ನಾನು ಪಾಲಿಸಿದ್ದು, ಅಂತರರಾಷ್ಟ್ರೀಯ ಹಳೆಯ ವಾಹನಗಳ ಒಕ್ಕೂಟವಾದ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಒಳದನಿಯನ್ನು: ಬದಲಾವಣೆ ಅನಿವಾರ್ಯವಾದರೆ ಅದು ಎದ್ದು ಕಾಣದಿರಲಿ, ಬೇಕೆಂದಾಗ ಮೂಲಸ್ಥಿತಿಗೆ ಮರಳಿಸುವಂತಿರಲಿ. ಈ ಕಿಟ್‌ಗಾಗಿ ನಾನು ಕಾರಿನ ತಗಡಿಗೆ ಒಂದೇ ಒಂದು ತೂತು ಕೊರೆಯಿಸಲಿಲ್ಲ, ಮೂಲ ವೈರನ್ನು ಎಲ್ಲಿಯೂ ಕತ್ತರಿಸಲಿಲ್ಲ. ರಿಲೇಗಳು ಮೊದಲೇ ಇದ್ದ ಬೋಲ್ಟಿನಡಿ ಕುಳಿತಿವೆ. ಹೆಡ್‌ಲೈಟಿಗೆ ಹೋಗುತ್ತಿದ್ದ ಹಳೆಯ ನೀಲಿ-ಬಿಳಿ ಮತ್ತು ನೀಲಿ-ಕೆಂಪು ವೈರುಗಳು ಈಗ ರಿಲೇಯನ್ನು ಎಬ್ಬಿಸುವ ಕೆಲಸವನ್ನಷ್ಟೇ ಮಾಡುತ್ತವೆ. ಎಲ್ಲವನ್ನೂ ಕಳಚಿ ಹಳೆಯ ದೀಪಗಳನ್ನು ಮತ್ತೆ ಜೋಡಿಸಲು ಅರ್ಧ ದಿನವೂ ಬೇಡ.

ಇನ್ನು ಸುರಕ್ಷತೆ. ಈ ಕಾರಿನ ಮೂಲ ವಿನ್ಯಾಸದಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ, ಅಲ್ಲಿಂದ ಎಡಗಾಲಿನ ಬಳಿ ನೆಲದಲ್ಲಿರುವ, ಹೈ-ಲೋ ಬೀಮ್ ಬದಲಿಸುವ ಡಿಪ್ ಸ್ವಿಚ್ಚಿನ ಮೂಲಕ, ಆಮೇಲೆ ಗ್ರಿಲ್ಲಿನ ಹಿಂದಿನ ಕನೆಕ್ಟರುಗಳ ಮೂಲಕ ಹಾದು ಬಲ್ಬನ್ನು ಮುಟ್ಟುತ್ತದೆ. ಈ ದಾರಿಯಲ್ಲಿ ಫ್ಯೂಸ್ ಕೂಡ ಇಲ್ಲ. ದಶಕಗಳಿಂದ ಕಿಲುಬು ಹಿಡಿದ ಪ್ರತಿಯೊಂದು ಸಂಪರ್ಕವೂ ವೋಲ್ಟೇಜಿನ ಒಂದು ಪಾಲನ್ನು ನುಂಗುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 13.2 ವೋಲ್ಟ್ ಇದ್ದರೆ ನನ್ನ ಕಾರಿನ ಬಲ್ಬಿಗೆ ತಲುಪುತ್ತಿದ್ದುದು 11.4 ಮಾತ್ರ. ನೋಡಲು ಇದು ಚಿಕ್ಕ ಕೊರತೆ. ಆದರೆ ತಂತಿಯ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ಈ ಕೊರತೆಗೆ ತೆರಬೇಕಾದ ಬೆಲೆ ಹತ್ತಿರ ಹತ್ತಿರ ಶೇ 40ರಷ್ಟು ಬೆಳಕು. ರಿಲೇ ಹಾಕಿದ ಮೇಲೆ ಬಲ್ಬಿನಲ್ಲಿ 12.9 ವೋಲ್ಟ್ ಸಿಗುತ್ತಿದೆ; ನಷ್ಟ ಶೇ 10ರೊಳಗೆ ಬಂದಿದೆ. ಹಳೆಯ ಕಾರಿನ ಲೈಟು ಮಂಕು ಎಂದು ದೂರುವವರು ಬಲ್ಬು ಬದಲಿಸುವ ಮೊದಲು ಒಂದು ಮಲ್ಟಿಮೀಟರ್ ಹಿಡಿದು ಈ ಎರಡು ಸಂಖ್ಯೆಗಳನ್ನು ನೋಡಿಕೊಳ್ಳಲಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ. ಅರ್ಥ್ ವೈರಿನ ತುದಿಯನ್ನು ಉಜ್ಜಿ ಬಿಗಿಗೊಳಿಸಿದರೇ ಅರ್ಧ ಸಮಸ್ಯೆ ಮುಗಿಯುವ ಕಾರುಗಳೂ ಇವೆ.

ಬಲ್ಬಿನ ವ್ಯಾಟೇಜ್ ಬಗ್ಗೆಯೂ ಸಂಯಮ ಬೇಕು. ಮಾಮೂಲಿ ಎಚ್4 ಬಲ್ಬು ಹೈಬೀಮಿಗೆ 60, ಲೋ ಬೀಮಿಗೆ 55 ವ್ಯಾಟ್ ತೆಗೆದುಕೊಳ್ಳುತ್ತದೆ, 13.2 ವೋಲ್ಟಿನಲ್ಲಿ ಅದರ ನಿಗದಿತ ಬೆಳಕು ಕ್ರಮವಾಗಿ 1650 ಮತ್ತು 1000 ಲುಮೆನ್. ನನ್ನ ಕಾರಿನ ಡೈನಮೋ ಕೊಡುವ ಗರಿಷ್ಠ ಕರೆಂಟು 22 ಆಂಪಿಯರ್. ಎರಡು ಹೆಡ್‌ಲೈಟ್‌ಗಳೇ ಸುಮಾರು 9 ಆಂಪಿಯರ್ ಎಳೆಯುವಾಗ, ವೈಪರ್ ಮತ್ತು ಹೀಟರ್ ಫ್ಯಾನ್ ಸೇರಿದರೆ ಉಳಿಯುವುದು ಹೆಚ್ಚಿಲ್ಲ. ಇಂಥ ಕಾರಿಗೆ 100/90 ವ್ಯಾಟಿನ ಬಲ್ಬು ಹಾಕುವುದೆಂದರೆ ಬ್ಯಾಟರಿಯನ್ನು ಬರಿದುಮಾಡುವುದರ ಜೊತೆಗೆ ಹೋಲ್ಡರನ್ನೂ ಕರಗಿಸುವುದು.

ಎಲ್‌ಇಡಿ ಬಲ್ಬನ್ನು ಬೇಡವೆನ್ನುವುದಕ್ಕೆ ಕಾರಣವನ್ನು ಗೋಡೆಯ ಮೇಲೆಯೇ ನೋಡಬಹುದು. ಎಚ್4ರಲ್ಲಿ ಲೋ ಬೀಮಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ಅದು ಪ್ರತಿಫಲಕದ ಕೆಳಭಾಗಕ್ಕೆ ಬೆಳಕು ಬೀಳದಂತೆ ತಡೆಯುವುದರಿಂದಲೇ ಹತ್ತು ಮೀಟರ್ ದೂರದ ಗೋಡೆಯ ಮೇಲೆ, ಮೇಲೆ ಕತ್ತಲು ಕೆಳಗೆ ಬೆಳಕು ಎಂಬ ಸ್ಪಷ್ಟ ಗೆರೆ ಮೂಡುತ್ತದೆ, ಮತ್ತು ರಸ್ತೆಯಂಚಿನ ಕಡೆಗೆ ಆ ಗೆರೆ 15 ಡಿಗ್ರಿ ಕೋನದಲ್ಲಿ ಮೇಲೇರುತ್ತದೆ. ಕೂದಲೆಳೆಯಷ್ಟು ತಂತಿಸುರುಳಿ ಎಲ್ಲಿರಬೇಕೋ ಅಲ್ಲಿಯೇ ಇರುತ್ತದೆ ಎಂದು ನಂಬಿ ಪ್ರತಿಫಲಕದ ಬಾಗನ್ನು ರೂಪಿಸಲಾಗಿದೆ. ಎಲ್‌ಇಡಿ ಬಲ್ಬಿನಲ್ಲಿ ಅದೇ ಜಾಗದಲ್ಲಿ ದಪ್ಪನೆಯ ಪಟ್ಟಿಯೊಂದರ ಎರಡು ಮುಖಗಳಿಂದ ಬೆಳಕು ಹೊರಡುತ್ತದೆ. ಗೆಳೆಯರೊಬ್ಬರ ಇಂಥದೇ ಕಾರಿನಲ್ಲಿ ಅದನ್ನು ಹಾಕಿ ನೋಡಿದಾಗ ಗೋಡೆಯ ಮೇಲಿನ ಗೆರೆ ಕಲಸಿಹೋಗಿತ್ತು, ಗೆರೆಯ ಮೇಲ್ಗಡೆ ಎದುರಿನ ಚಾಲಕನ ಕಣ್ಣಿನ ಎತ್ತರದಲ್ಲಿ ಬಿಳಿಯ ಮಬ್ಬೊಂದು ನಿಂತಿತ್ತು, ಬಂಪರಿನ ಮುಂದಿನ ನೆಲವಂತೂ ಹಗಲಿನಂತೆ ಹೊಳೆಯುತ್ತಿತ್ತು. ಹತ್ತಿರದ ನೆಲ ಹಾಗೆ ಹೊಳೆದಾಗ ಕಣ್ಣಿನ ಪಾಪೆ ಕಿರಿದಾಗಿ ದೂರದ ರಸ್ತೆ ಇನ್ನಷ್ಟು ಕತ್ತಲಾಗುತ್ತದೆ. ಚಾಲಕನಿಗೆ ಮಾತ್ರ ಬೆಳಕು ಹೆಚ್ಚಿದಂತೆ ಅನ್ನಿಸುತ್ತದೆ. ಅಪಾಯವಿರುವುದು ಆ ಭ್ರಮೆಯಲ್ಲಿಯೇ. ನಿರ್ದಿಷ್ಟ ವಾಹನ ಮಾದರಿಗೆಂದು ಪರೀಕ್ಷೆಗೊಳಪಟ್ಟು ಅನುಮೋದನೆ ಪಡೆದ ಎಲ್‌ಇಡಿ ಬಲ್ಬುಗಳು ಕೆಲವು ದೇಶಗಳಲ್ಲಿ ಸಿಗುತ್ತವೆ. ಅವುಗಳ ಮಾತು ಬೇರೆ.

ಎಚ್4 ಘಟಕವನ್ನು ಕೊಳ್ಳುವಾಗ ಗಾಜಿನ ಮೇಲಿನ ಗುರುತುಗಳನ್ನು ಓದಬೇಕು. ವೃತ್ತದೊಳಗಿನ ‘ಇ’ ಮತ್ತು ಅಂಕಿ ಅನುಮೋದನೆಯನ್ನು, ‘ಎಚ್‌ಸಿಆರ್’ ಎಂಬ ಅಕ್ಷರಗಳು ಹ್ಯಾಲೊಜನ್ ಲೋ ಮತ್ತು ಹೈಬೀಮ್ ಎರಡಕ್ಕೂ ಅದು ತಕ್ಕುದೆಂಬುದನ್ನು ತಿಳಿಸುತ್ತವೆ. ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುವ ದೇಶಗಳ ದೀಪಕ್ಕೆ, ಎದುರು ನಿಂತು ನೋಡುವವರ ಬಲಕ್ಕೆ ತೋರುವ ಬಾಣದ ಗುರುತಿರುತ್ತದೆ. ಬಲಬದಿಯ ದೇಶಗಳ ದೀಪಕ್ಕೆ ಬಾಣವಿರುವುದಿಲ್ಲ. ಅಗ್ಗವೆಂದು ತಪ್ಪು ಬದಿಯ ಗಾಜು ತಂದರೆ ಆ ಏರುಗೆರೆ ನೇರವಾಗಿ ಎದುರಿನವರ ಕಣ್ಣಿಗೇ ಬಡಿಯುತ್ತದೆ.

ಹಿಂಬದಿಯ ಕಥೆ ಬೇರೆ. ತಂತಿಯ ಬ್ರೇಕ್ ಬಲ್ಬು ಪೂರ್ಣವಾಗಿ ಬೆಳಗಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ; ಎಲ್‌ಇಡಿ ಒತ್ತಿದ ಕ್ಷಣವೇ ಬೆಳಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತಿರುವ ವಾಹನಕ್ಕೆ ಇದು ಐದು ಮೀಟರಿಗೂ ಮಿಕ್ಕಿದ ಅಂತರ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಬೇಕು; ಬಿಳಿಯದನ್ನು ಹಾಕಿದರೆ ಬಣ್ಣ ನಸುಗೆಂಪಿಗೆ ತಿರುಗುತ್ತದೆ. ಹಗಲಲ್ಲಿ ಆರಿದ್ದಾಗ ಒಳಗೆ ಎಲ್‌ಇಡಿ ಇದೆಯೆಂದು ಯಾರಿಗೂ ತಿಳಿಯುವುದಿಲ್ಲ, ಹೀಗಾಗಿ ಅಂದಕ್ಕೆ ಕುಂದಿಲ್ಲ. ಈ ಕಿಟ್‌ನ ಬಲ್ಬುಗಳಲ್ಲಿ ನನಗೆ ಕಂಡ ಕೊರತೆಯೆಂದರೆ ಟೇಲ್ ಲೈಟೇ ಅತಿಯಾಗಿ ಹೊಳೆಯುವುದು. ಇದರಿಂದ ರಾತ್ರಿ ಬ್ರೇಕ್ ಒತ್ತಿದಾಗಿನ ವ್ಯತ್ಯಾಸ, ಮೂಲ 5 ಮತ್ತು 21 ವ್ಯಾಟಿನ ಬಲ್ಬಿನಲ್ಲಿದ್ದಷ್ಟು ಎದ್ದು ಕಾಣುವುದಿಲ್ಲ. ಕೊಳ್ಳುವವರು ಕತ್ತಲಲ್ಲಿ ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ಇದನ್ನು ಪರೀಕ್ಷಿಸಿಕೊಳ್ಳಬೇಕು.

ನನ್ನ ಕಾರಿನಲ್ಲಿ ಬ್ಯಾಟರಿಯ ಧನ (ಪಾಸಿಟಿವ್) ತುದಿಯೇ ಕಾರಿನ ಲೋಹದ ಮೈಗೆ ಅರ್ಥ್ ಆಗಿದೆ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಇದು ಸಾಮಾನ್ಯ. ತಂತಿಯ ಬಲ್ಬಿಗೆ ಕರೆಂಟು ಯಾವ ಕಡೆಯಿಂದ ಬಂದರೂ ಒಂದೇ, ಎಲ್‌ಇಡಿಗೆ ಹಾಗಲ್ಲ. ಪಾಸಿಟಿವ್ ಅರ್ಥ್‌ಗೆಂದೇ ಮಾಡಿದ ಬಲ್ಬನ್ನು ಕೇಳಿ ತರಿಸಬೇಕು. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇಯಾದರೆ ಅದರ ಸಂಪರ್ಕಗಳ ದಿಕ್ಕನ್ನೂ ನೋಡಿಕೊಳ್ಳಬೇಕು. ಇಂಡಿಕೇಟರುಗಳನ್ನು ನಾನು ಹಳೆಯ ಬಲ್ಬುಗಳಲ್ಲೇ ಉಳಿಸಿಕೊಂಡಿದ್ದೇನೆ. ಅವನ್ನು ಮಿನುಗಿಸುವ ಮೂಲ ಫ್ಲ್ಯಾಶರ್ ಕೆಲಸ ಮಾಡುವುದು ಎರಡು 21 ವ್ಯಾಟ್ ಬಲ್ಬುಗಳ ಕರೆಂಟಿನ ಬಿಸಿಯಿಂದ. ಎಲ್‌ಇಡಿ ಎಳೆಯುವ ಅಲ್ಪ ಕರೆಂಟಿಗೆ ಅದು ಸರಿಯಾಗಿ ಮಿನುಗುವುದೇ ಇಲ್ಲ. ಅದರ ಬದಲಿಗೆ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕಬಹುದಾದರೂ, ಆ ಹಳೆಯ ಟಿಕ್ ಟಿಕ್ ಸದ್ದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ, ಅದರಿಂದ ಸುರಕ್ಷತೆಗೆ ಸಿಗುವ ಲಾಭವೂ ಚಿಕ್ಕದು.

ಕಿಟ್‌ನ ಬಾಳಿಕೆಯ ಬಗ್ಗೆ ಎರಡು ದೂರುಗಳಿವೆ. ಬಲ್ಬಿನ ಹಿಂಬದಿಯ ರಬ್ಬರ್ ಮುಚ್ಚಳ ವರ್ಷಗಳು ಕಳೆದಂತೆ ಗಟ್ಟಿಯಾಗಿ ಸಡಿಲಗೊಂಡಿತು. ಒಳಗೆ ತೇವ ಸೇರಿ, ಬಲಗಡೆಯ ಪ್ರತಿಫಲಕದ ತಳದಲ್ಲಿ ಉಗುರಿನಗಲ ಮಂಕು ಕಲೆಯಾಗಿದೆ. ಹೊಸ ಮುಚ್ಚಳ ಹಾಕಿದ ಮೇಲೆ ಕಲೆ ಹರಡಿಲ್ಲ. ಎರಡನೆಯದು ಹೆಚ್ಚು ಗಂಭೀರವಾದದ್ದು: ಎರಡೂ ಲೋ ಬೀಮ್‌ಗಳಿಗೆ ಒಂದೇ ರಿಲೇ, ಒಂದೇ ಫ್ಯೂಸ್ ಕೊಟ್ಟಿದ್ದಾರೆ. ಅದು ಕೈಕೊಟ್ಟರೆ ಕತ್ತಲಲ್ಲಿ ಎರಡೂ ದೀಪಗಳು ಒಟ್ಟಿಗೆ ಆರುತ್ತವೆ. ನಾನು ಎಡಕ್ಕೂ ಬಲಕ್ಕೂ ಬೇರೆ ಬೇರೆ ಫ್ಯೂಸ್ ಹಾಕಿಸಿ, ಒಂದು ಹೆಚ್ಚುವರಿ ರಿಲೇಯನ್ನು ಟೂಲ್ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ತಯಾರಕರು ಇದನ್ನು ಕಿಟ್‌ನಲ್ಲಿಯೇ ಸರಿಪಡಿಸಬೇಕಿತ್ತು.

ದೀಪ ಕೂರಿಸಿದ ಮೇಲೆ ಬೀಮ್ ಹೊಂದಿಸುವ ಕೆಲಸವನ್ನು ಮರೆಯಬಾರದು. ಚಾಲಕ ಸೀಟಿನಲ್ಲಿ ಕುಳಿತಿರಬೇಕು, ಟೈರುಗಳ ಗಾಳಿ ಸರಿಯಿರಬೇಕು, ಲೋ ಬೀಮಿನ ಗೆರೆ ಹತ್ತು ಮೀಟರಿಗೆ ಸುಮಾರು 10 ಸೆಂಟಿಮೀಟರ್ ಇಳಿದಿರಬೇಕು. ಈ ಕಾರಿನ ಹಿಂಬದಿಯ ಪಟ್ಟಿ ಸ್ಪ್ರಿಂಗ್‌ಗಳು ವಯಸ್ಸಾದಂತೆ ಕುಸಿಯುತ್ತವೆ, ಆಗ ಮುಂಭಾಗ ಮೇಲೆದ್ದು ಬೀಮೂ ಮೇಲೇರುತ್ತದೆ. ಸ್ಪ್ರಿಂಗ್ ಬದಲಿಸಿದರೆ ಅದೇ ಬೀಮ್ ತಗ್ಗುತ್ತದೆ. ಆದ್ದರಿಂದ ಸಸ್ಪೆನ್ಷನ್ ಮುಟ್ಟಿದಾಗಲೆಲ್ಲ ಕಾರನ್ನು ಮತ್ತೆ ಗೋಡೆಯ ಮುಂದೆ ನಿಲ್ಲಿಸಿ ಬೀಮ್ ನೋಡಿಕೊಳ್ಳುತ್ತೇನೆ.