ಹಳೇ ವಿಡಿಯೋ ಗೇಮ್‌ಗಳನ್ನು ಮತ್ತೆ ಆಡುತ್ತಾ ಎರಡು ವರ್ಷ: ರಿವೈಂಡ್ ಬಟನ್ ಮುಟ್ಟಬೇಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಒಂದು ವಾರ ಆಡಿ ಬರೆದಿದ್ದಲ್ಲ. ಎರಡು ವರ್ಷಕ್ಕಿಂತ ಜಾಸ್ತಿಯಾಯಿತು, ವಾರಕ್ಕೆ ಮೂರ್ನಾಲ್ಕು ರಾತ್ರಿ ಊಟ ಮುಗಿಸಿ ಒಂದು ಗಂಟೆ ಹಳೇ ಗೇಮ್‌ಗಳನ್ನೇ ಆಡುತ್ತಿದ್ದೇನೆ. ಮಾರಿಯೋ, ಕಾಂಟ್ರಾ, ಪ್ರಿನ್ಸ್ ಆಫ್ ಪರ್ಷಿಯಾ, ವೈಸ್ ಸಿಟಿ, ಏಜ್ ಆಫ್ ಎಂಪೈರ್ಸ್. ನಾನು ಬೆಳೆದದ್ದು ಹಾಸನದಲ್ಲಿ, ಈಗಿರುವುದು ಬೆಂಗಳೂರಿನಲ್ಲಿ. ಮೊದಲ ಎರಡನ್ನು ಮನೆಯ ಟಿವಿ ಮುಂದೆ ನೆಲದ ಮೇಲೆ ಕೂತು ಆಡಿದ್ದೆ, ಉಳಿದದ್ದೆಲ್ಲ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಸೈಬರ್‌ನಲ್ಲಿ.

ಶುರುವಾಗಿದ್ದು ಒಂದು ಹ್ಯಾಂಡ್‌ಹೆಲ್ಡ್‌ನಿಂದ, ಅಂದರೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರದಿಂದ. ಸುಮಾರು 5,000 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದೆ. ಅಂಗೈಯಗಲದ್ದು, ಸಾವಿರಾರು ಗೇಮ್ ತುಂಬಿಸಿಯೇ ಕಳಿಸುತ್ತಾರೆ. ಕಂಪನಿ ಹೆಸರು ಬೇಡ. ಎಂಟು ತಿಂಗಳಿಗೆ ಬಾಣದ ಬಟನ್‌ನ ಎಡಭಾಗ ಸತ್ತುಹೋಯಿತು, ಬಿಚ್ಚಿ ಒಳಗಿನ ರಬ್ಬರ್ ಬದಲಾಯಿಸಿದ ಮೇಲೆ ಈಗ ಪರವಾಗಿಲ್ಲ. ಇನ್ನೊಂದು ಮಾತು, ಹೀಗೆ ತುಂಬಿಸಿ ಕೊಡುವ ಗೇಮ್‌ಗಳು ಸಾಮಾನ್ಯವಾಗಿ ನಕಲಿ ಪ್ರತಿಗಳು, ಅವನ್ನು ಮಾಡಿದವರಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ. ಅದು ಗೊತ್ತಾದ ಮೇಲೆ ಅಂಗಡಿಯಲ್ಲಿ ಸಿಗುವ ಗೇಮ್‌ಗಳನ್ನು ದುಡ್ಡು ಕೊಟ್ಟೇ ತೆಗೆದುಕೊಳ್ಳಲು ಶುರುಮಾಡಿದೆ.

ಈ ಹ್ಯಾಂಡ್‌ಹೆಲ್ಡ್‌ನಲ್ಲಿ ರಿವೈಂಡ್ ಅಂತ ಒಂದು ಸೌಲಭ್ಯ ಇದೆ. ಗುಂಡಿಗೆ ಬಿದ್ದಿರಾ, ಒಂದು ಬಟನ್ ಒತ್ತಿ ಹಿಡಿದರೆ ಗೇಮ್ ಹಿಂದಕ್ಕೆ ಓಡುತ್ತದೆ, ಬೀಳುವ ಮುಂಚಿನ ಜಾಗಕ್ಕೆ ವಾಪಸ್ ಬರಬಹುದು. ಎಲ್ಲಿ ಬೇಕೋ ಅಲ್ಲಿ ಸೇವ್ ಕೂಡ ಮಾಡಬಹುದು. ಮೊದಲ ದಿನ ನನಗೆ ಇದು ವರ ಅನ್ನಿಸಿತ್ತು. ಚಿಕ್ಕವನಿದ್ದಾಗ ಮುಗಿಸಲಾಗದ ಗೇಮ್‌ಗಳನ್ನೆಲ್ಲ ಈಗ ಮುಗಿಸಿಬಿಡಬಹುದಲ್ವಾ ಅಂತ.

ಅದನ್ನು ಮಗಳ ಕೈಗೆ ಕೊಟ್ಟೆ. ಆಗ ಅವಳಿಗೆ ಒಂಬತ್ತು ವರ್ಷ. ಒಂದು ಭಾನುವಾರ ಸಂಜೆ ಕೂತು, ಬಿದ್ದಾಗಲೆಲ್ಲ ರಿವೈಂಡ್ ಒತ್ತಿ, ರಾತ್ರಿ ಊಟದ ಹೊತ್ತಿಗೆ ಸೂಪರ್ ಮಾರಿಯೋ ಬ್ರದರ್ಸ್‌ನ 32 ಸ್ಟೇಜನ್ನೂ ದಾಟಿದಳು. 'ಅಪ್ಪಾ, ಮುಗೀತು' ಅಂದಳು. ಸೋಫಾ ಮೇಲೆ ಇಟ್ಟಳು. ಆಮೇಲೆ ಮಾರಿಯೋ ಕಡೆ ತಿರುಗಿ ನೋಡಲಿಲ್ಲ. ನಾನು ಎಂಟು ವರ್ಷ ಬೆನ್ನುಹತ್ತಿದ್ದ ಗೇಮ್ ಅದು. ಅವಳಿಗೆ ಮೂರು ಗಂಟೆಯಲ್ಲಿ ಖಾಲಿಯಾಯಿತು. ನನಗೆ ನಿಜವಾಗಿ ಬೇಜಾರಾಯಿತು. ಗೇಮೇ ಹಳೇದಾಯಿತು, ಈಗಿನ ಮಕ್ಕಳಿಗೆ ಹಿಡಿಸಲ್ಲ ಅಂದುಕೊಂಡೆ. ಆ ಅಭಿಪ್ರಾಯ ತಪ್ಪು ಅಂತ ಗೊತ್ತಾಗಿದ್ದು ಅದೇ ವರ್ಷದ ದಸರಾ ರಜೆಯಲ್ಲಿ.

ಹಾಸನದ ಮನೆಯ ಅಟ್ಟದಲ್ಲಿ ನಮ್ಮ ಹಳೇ ಟಿವಿ ಗೇಮ್ ಇನ್ನೂ ಇತ್ತು. ಅಮ್ಮ ಅದನ್ನು ಹಳೇ ದಿಂಬಿನ ಕವರಿನಲ್ಲಿ ಸುತ್ತಿ, ಹಿತ್ತಾಳೆ ಪಾತ್ರೆಗಳ ಹಿಂದೆ ಇಟ್ಟಿದ್ದರು. ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್. ಅಡಾಪ್ಟರ್ ಸತ್ತಿತ್ತು, ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಯಲ್ಲಿ ಅದೇ ವೋಲ್ಟೇಜಿನದ್ದು ಸಿಕ್ಕಿತು. ಕ್ಯಾಸೆಟ್ ಹಾಕಿದರೆ ಬರೀ ಬೂದು ಗೆರೆಗಳು. ನಾವು ಆಗ ಏನು ಮಾಡುತ್ತಿದ್ದೆವು, ಬಾಯಿಂದ ಉಫ್ ಅಂತ ಊದುತ್ತಿದ್ದೆವು. ದಯವಿಟ್ಟು ಊದಬೇಡಿ. ಊದಿದ್ದರಿಂದ ಅದು ಸರಿಹೋಗುತ್ತಿರಲಿಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ನುಗಳು ಸರಿಯಾಗಿ ಕೂರುತ್ತಿದ್ದವು ಅಷ್ಟೆ. ಬಾಯಿಯ ತೇವದಿಂದ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ನಾನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಿವಿಕಡ್ಡಿ ಅದ್ದಿ ಪಿನ್ನುಗಳನ್ನು ಒರೆಸಿದೆ. ಹತ್ತಿ ಕಪ್ಪಗಾಯಿತು. ಎರಡನೇ ಸಲಕ್ಕೆ ನೀಲಿ ಆಕಾಶ, ಕಂದು ಇಟ್ಟಿಗೆ, ಆ ಹಾಡು. ಅಡುಗೆಮನೆಯಿಂದ ಅಮ್ಮ 'ಅಯ್ಯೋ, ಮತ್ತೆ ಶುರುವಾಯ್ತಾ' ಅಂದರು, ಆದರೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನೋಡಲು ಬಂದರು.

ಈ ಡಬ್ಬದಲ್ಲಿ ರಿವೈಂಡ್ ಇಲ್ಲ, ಸೇವ್ ಇಲ್ಲ. ಮೂರು ಲೈಫ್ ಅಷ್ಟೆ. ಔಟ್ ಆದರೆ ಮೊದಲಿಂದ. ಮಗಳು ಮೊದಲ ದಿನ 1-3ರಲ್ಲಿ, ಅಂದರೆ ಮೊದಲ ವರ್ಲ್ಡ್‌ನ ಮೂರನೇ ಸ್ಟೇಜಿನಲ್ಲಿ, ಗೇಮ್ ಓವರ್ ಆಗಿ ಅತ್ತಳು. ಎರಡನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಟಿವಿ ಮುಂದೆ ಕೂತಿದ್ದಳು. ರಜೆ ಮುಗಿಯುವ ತನಕ ಬಿಡಲಿಲ್ಲ. ಹ್ಯಾಂಡ್‌ಹೆಲ್ಡ್‌ನಲ್ಲಿ ಮುಗಿಸಿದ್ದ ಅದೇ ಗೇಮ್. ಬಿ ಬಟನ್ ಒತ್ತಿ ಓಡಿದರೆ ಮಾರಿಯೋ ಎಷ್ಟು ದೂರ ಹಾರುತ್ತಾನೆ, ಗಾಳಿಯಲ್ಲಿದ್ದಾಗ ಎಷ್ಟು ತಿರುಗಿಸಬಹುದು, ಯಾವ ಆಮೆ ಗುಂಡಿಗೆ ಬೀಳುತ್ತದೆ, ಯಾವುದು ಅಂಚಿಗೆ ಬಂದು ವಾಪಸ್ ತಿರುಗುತ್ತದೆ, ಎಲ್ಲವೂ ಈ ಸಲ ಅವಳ ಬೆರಳಿಗೆ ಹತ್ತಿತು. ಮೊದಲ ಸಲ ಇದ್ಯಾವುದನ್ನೂ ಕಲಿಯುವ ಅಗತ್ಯವೇ ಬಂದಿರಲಿಲ್ಲ. 1985ರಲ್ಲಿ ಬಂದ, ಬರೀ 40 ಕಿಲೋಬೈಟ್ ಗೇಮ್ ಇದು. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಷ್ಟು ಸಣ್ಣ ಜಾಗದಲ್ಲಿ ಅವರು ಇಟ್ಟಿದ್ದು ಮುಖ್ಯವಾಗಿ ಆ ಹಾರಾಟವನ್ನು. ಸೋಲುವ ಭಯ ತೆಗೆದುಬಿಟ್ಟರೆ ಅದು ಕೈಗೆ ಸಿಗುವುದೇ ಇಲ್ಲ.

ನನಗೂ ಒಂದು ವಿಚಾರ ಆಗ ಬಗೆಹರಿಯಿತು. ಹ್ಯಾಂಡ್‌ಹೆಲ್ಡ್‌ನಲ್ಲಿ ಮಾರಿಯೋ ನನಗೆ ಯಾಕೋ ಅವಸರದವನ ಹಾಗೆ ಕಾಣುತ್ತಿದ್ದ. ವಯಸ್ಸಾಯಿತು, ಕೈ ಓಡುತ್ತಿಲ್ಲ ಅಂದುಕೊಂಡಿದ್ದೆ. ಕಾರಣ ಬೇರೆ. ನಮ್ಮ ದೇಶದ ಹಳೇ ಟಿವಿಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತವೆ. ಜಪಾನ್, ಅಮೆರಿಕದಲ್ಲಿ 60 ಸಲ. ಗೇಮ್‌ನ ಓಟ ಈ ಚಿತ್ರಗಳ ಲೆಕ್ಕದಲ್ಲೇ ನಡೆಯುವುದರಿಂದ ನಮ್ಮ ಟಿವಿಯಲ್ಲಿ ಅದು ಆರನೇ ಒಂದು ಭಾಗದಷ್ಟು ನಿಧಾನ. ನಾವೆಲ್ಲ ಕಲಿತದ್ದು ಆ ನಿಧಾನದ ಮಾರಿಯೋನನ್ನು. 60ರ ವೇಗಕ್ಕೆ ಒಗ್ಗಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು. ನೀವೂ ಮತ್ತೆ ಆಡಲು ಹೊರಟರೆ ಮೊದಲ ದಿನವೇ ಕೈಚೆಲ್ಲಬೇಡಿ.

ಇಬ್ಬರು ಸೇರಿ ಗುಂಡು ಹಾರಿಸುತ್ತಾ ಮುಂದೆ ಸಾಗುವ ಕಾಂಟ್ರಾ ಕಥೆಯೂ ಇದೇ. ಇದನ್ನು ದುಡ್ಡು ಕೊಟ್ಟೇ ತೆಗೆದುಕೊಳ್ಳಬಹುದು, 2019ರಲ್ಲಿ ಅದನ್ನು ಮಾಡಿದ ಕೊನಾಮಿ ಕಂಪನಿಯವರೇ ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್ ಅಂತ ಹಲವು ಹಳೇ ಕಾಂಟ್ರಾಗಳನ್ನು ಒಟ್ಟುಮಾಡಿ ಬಿಟ್ಟಿದ್ದಾರೆ. ಅದರಲ್ಲೂ ಬೇಕಾದಾಗ ಸೇವ್ ಮಾಡುವ ಸೌಲಭ್ಯ ಇದೆ. ಮೈಸೂರಿನಿಂದ ತಮ್ಮ ಬಂದಿದ್ದಾಗ ಇಬ್ಬರೂ ಕೂತು, ಪ್ರತಿ ತಿರುವಿನಲ್ಲೂ ಸೇವ್ ಮಾಡುತ್ತಾ ಎಂಟೂ ಸ್ಟೇಜ್ ಮುಗಿಸಿದೆವು. ಕೊನೆಯ ಬಾಸ್ ಸತ್ತಾಗ ಇಬ್ಬರೂ ಏನೂ ಮಾತಾಡಲಿಲ್ಲ. ಟೀ ಕುಡಿದೆವು. ಇಷ್ಟು ದಿನ ಕನಸು ಕಂಡಿದ್ದು ಇದಕ್ಕಾ ಅನ್ನಿಸಿತು.

ಮುಂದಿನ ಸಲ ಅವನು ಬಂದಾಗ ಸೇವ್ ಮುಟ್ಟಬಾರದು ಅಂತ ಮಾತಾಡಿಕೊಂಡೆವು. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿ, 30 ಲೈಫ್ ತೆಗೆದುಕೊಂಡು ಆಡಿದೆವು. ಇದು ಮೋಸ ಅಲ್ವಾ ಅಂತ ಕೇಳಬಹುದು. ಈ ಸಂಕೇತ ಮಾಡಿದ್ದು ಕೊನಾಮಿಯ ಕಝುಹಿಸಾ ಹಶಿಮೊಟೊ, 1986ರಲ್ಲಿ ಗ್ರೇಡಿಯಸ್ ಗೇಮನ್ನು ಪರೀಕ್ಷೆ ಮಾಡುವಾಗ ಅವರಿಗೇ ಅದು ಕಷ್ಟವಾಗುತ್ತಿತ್ತು ಅಂತ. 30 ಲೈಫ್‌ಗೂ ಒಂದು ಕೊನೆ ಇದೆ. ಅದೇ ಮುಖ್ಯ. ಒಂದು ಗುಂಡು ತಗುಲಿದರೂ ಔಟ್, ಜೊತೆಗೆ ಕೈಯಲ್ಲಿದ್ದ, ಗುಂಡುಗಳನ್ನು ಹರಡಿ ಹಾರಿಸುವ ಎಸ್ ಗನ್ ಕೂಡ ಹೋಯಿತು. ಮೂರನೇ ಸ್ಟೇಜ್ ಜಲಪಾತ ನೆನಪಿದೆಯಾ? ಪರದೆ ಮೇಲಕ್ಕೆ ಹೋಗುತ್ತದೆ, ಒಬ್ಬ ಬೇಗ ಬೇಗ ಹತ್ತಿದರೆ ಹಿಂದೆ ಉಳಿದವನು ಕೆಳಗೆ ಸಿಕ್ಕಿ ಔಟ್. 'ಅಣ್ಣಾ, ತಡಿಯೋ, ನಾನಿನ್ನೂ ಕೆಳಗಿದ್ದೀನಿ!' ಅಂತ ತಮ್ಮ ಕಿರುಚಿದ. ಈ ಮಾತನ್ನು ನಾನು 25 ವರ್ಷದ ಹಿಂದೆ ಅದೇ ಜಾಗದಲ್ಲಿ ಕೇಳಿದ್ದೆ. ಈ ಸಲ ಮೊದಲ ರಾತ್ರಿ ಆರನೇ ಸ್ಟೇಜಿನಲ್ಲಿ ಲೈಫ್ ಖಾಲಿಯಾಯಿತು. ಮೂರನೇ ರಾತ್ರಿ ಗೇಮ್ ಮುಗಿಯಿತು, ಇಬ್ಬರ ಹತ್ತಿರವೂ ಸೇರಿ ನಾಲ್ಕು ಲೈಫ್ ಉಳಿದಿತ್ತು. ತಮ್ಮ ಎದ್ದು ನಿಂತು ಕೂಗಿದ ಜೋರಿಗೆ ಪಕ್ಕದ ಮನೆಯವರು ಮ್ಯಾಚ್ ನೋಡುತ್ತಿದ್ದೀರಾ ಅಂತ ಕೇಳಿದರು.

ಈ ಎರಡು ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾತ್ರ ಪ್ರಿನ್ಸ್ ಆಫ್ ಪರ್ಷಿಯಾ. ಚಿಕ್ಕಂದಿನಲ್ಲಿ ಇದರ ಬೆಲೆ ಗೊತ್ತಾಗಿರಲಿಲ್ಲ. ಜೋರ್ಡನ್ ಮೆಕ್ನರ್ ಅನ್ನುವವರು ಹೆಚ್ಚುಕಮ್ಮಿ ಒಬ್ಬರೇ ಕೂತು ಮಾಡಿದ್ದು, 1989ರಲ್ಲಿ ಬಂತು. ತನ್ನ ತಮ್ಮ ಡೇವಿಡ್ ಓಡುವುದು, ಹಾರುವುದನ್ನು ವಿಡಿಯೋ ತೆಗೆದು, ಅದರ ಮೇಲೆ ಒಂದೊಂದೇ ಚಿತ್ರ ತಿದ್ದಿ ರಾಜಕುಮಾರನನ್ನು ಮಾಡಿದರು. ಆದ್ದರಿಂದಲೇ ಅವನಿಗೆ ಮೈಭಾರ ಇದೆ. ಓಡುತ್ತಿದ್ದವನು ನಿಲ್ಲಬೇಕಾದರೆ ಎರಡು ಹೆಜ್ಜೆ ಜಾರುತ್ತಾನೆ. ಅಂಚು ಹಿಡಿದು ನೇತಾಡಿದರೆ ಮೈ ಅಲ್ಲಾಡುತ್ತದೆ. ಮೊದಲ ಒಂದು ವಾರ ಇದು ಕಿರಿಕಿರಿ, ಬಟನ್ ಒತ್ತಿದ ಮೇಲೆ ಹಾರುತ್ತಾನೆ, ಒತ್ತಿದ ತಕ್ಷಣ ಅಲ್ಲ. ಆಮೇಲೆ ಶಿಫ್ಟ್ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಅಂಚಿಗೆ ಬಂದು ನಿಲ್ಲುವುದು ಅಭ್ಯಾಸವಾಗುತ್ತದೆ, ಮುಳ್ಳುಗಳ ನಡುವೆ ಉಸಿರು ಬಿಗಿಹಿಡಿದು ನಡೆಯುತ್ತೀರಿ.

ಇದರಲ್ಲಿ ಲೈಫ್ ಲೆಕ್ಕ ಇಲ್ಲ, ಎಷ್ಟು ಸಲ ಬೇಕಾದರೂ ಸಾಯಬಹುದು. ಆದರೆ ಇಡೀ ಆಟಕ್ಕೆ 60 ನಿಮಿಷ. ಸತ್ತರೆ ಆ ಹಂತದ ಮೊದಲಿಗೆ ಹೋಗುತ್ತೀರಿ, ಗಡಿಯಾರ ಮಾತ್ರ ಹಿಂದಕ್ಕೆ ಬರುವುದಿಲ್ಲ. ಸೈಬರ್‌ನವರು ಕೊಡುತ್ತಿದ್ದದ್ದೂ ಒಂದು ಗಂಟೆ, ಗೇಮ್‌ನ ಖಳನಾಯಕ ಜಾಫರ್ ಕೊಡುವುದೂ ಒಂದು ಗಂಟೆ. ಎರಡೂ ಒಟ್ಟಿಗೆ ಮುಗಿಯುತ್ತಿದ್ದರಿಂದ ಐದನೇ ಹಂತ ದಾಟಿದ್ದೇ ಇಲ್ಲ. ನಾಲ್ಕನೇ ಹಂತದ ಕೊನೆಯಲ್ಲಿ ಒಂದು ಕನ್ನಡಿ ಅಡ್ಡ ನಿಲ್ಲುತ್ತದೆ. ಓಡಿ ಬಂದು ಅದರೊಳಗೇ ಹಾರಬೇಕು. ಹಾರಿದಾಗ ನಿಮ್ಮದೇ ನೆರಳು ಇನ್ನೊಂದು ಕಡೆಗೆ ಎದ್ದು ಹೋಗುತ್ತದೆ. ಐದರಲ್ಲಿ ಅದು ನಿಮ್ಮ ಕಣ್ಣೆದುರೇ ಔಷಧಿ ಕುಡಿದುಬಿಡುತ್ತದೆ, ಆರರಲ್ಲಿ ಬಾಗಿಲು ಮುಚ್ಚುತ್ತದೆ. ಹನ್ನೆರಡರಲ್ಲಿ ಅದರ ಎದುರು ಕತ್ತಿ ಹಿಡಿದು ನಿಂತು, ಹೊಡೆದರೆ ನನ್ನ ರಕ್ತವೇ ಕಡಿಮೆಯಾಗುವುದನ್ನು ನೋಡಿದಾಗ ರಾತ್ರಿ ಹನ್ನೊಂದೂವರೆ, ಉಳಿದಿದ್ದು ಏಳು ನಿಮಿಷ. ಉಪಾಯ ಹೇಳುವುದಿಲ್ಲ, ನೀವೇ ಕಂಡುಕೊಳ್ಳಿ. ಹೊಳೆದಾಗ ಮೈ ಜುಮ್ಮೆಂದಿತು. ಎಸ್‌ಡಿಎಲ್‌ಪಾಪ್ ಅನ್ನುವ ಉಚಿತ ರೂಪ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಚೆನ್ನಾಗಿ ಓಡುತ್ತದೆ. ಅದರಲ್ಲೂ ತಕ್ಷಣ ಸೇವ್ ಮಾಡುವ ಕೀ ಇದೆ. ಆ ಕೀ ಒತ್ತಿದ ಕ್ಷಣ ಗಡಿಯಾರಕ್ಕೆ ಅರ್ಥ ಇರುವುದಿಲ್ಲ.

ಹಾಗಂತ ಹಳೇದೆಲ್ಲ ಚಿನ್ನ ಅಲ್ಲ. ವೈಸ್ ಸಿಟಿ ನನಗೆ ಈಗ ಆಡಲು ಆಗಲಿಲ್ಲ. ಕಥೆ ನಡೆಯುವ 1986ರ ಆ ಊರು, ಕಡಲತೀರ, ಕಾರಿನ ರೇಡಿಯೋ ಇವತ್ತಿಗೂ ಸೊಗಸು. ಆದರೆ ಮಿಷನ್ ನಡುವೆ ಸತ್ತರೆ ಆಸ್ಪತ್ರೆಯಿಂದ ಶುರು, ಕೈಯಲ್ಲಿದ್ದ ಗನ್ನುಗಳೆಲ್ಲ ಹೋಗಿರುತ್ತವೆ, ಮತ್ತೆ ಕೊಂಡು, ದಾರಿ ತೋರಿಸುವ ಗೆರೆಯೂ ಇಲ್ಲದೆ ಊರಿಡೀ ಓಡಿಸಿಕೊಂಡು ಬಂದು ಎರಡು ನಿಮಿಷದ ಮಿಷನ್ ಇನ್ನೊಮ್ಮೆ ಆಡಬೇಕು. ಆಟಿಕೆ ಹೆಲಿಕಾಪ್ಟರಿನಲ್ಲಿ ಬಾಂಬ್ ಇಡುವ ಮಿಷನ್ ಹತ್ತಿರ ಬಿಟ್ಟುಬಿಟ್ಟೆ. ಮಾರಿಯೋದಲ್ಲಿ ಸೋತರೆ ಮತ್ತೆ ಆಡುವುದೇ ಆಟ, ಇಲ್ಲಿ ಸೋತರೆ ಬರೀ ಟ್ರಾಫಿಕ್ಕು. ಇಲ್ಲಿ ಬೇಕಾದಲ್ಲಿ ಸೇವ್ ಮಾಡುವ ಸೌಲಭ್ಯ ಇದ್ದಿದ್ದರೆ ನಾನೇ ಮೊದಲು ಬಳಸುತ್ತಿದ್ದೆ. ಮಕ್ಕಳ ಮುಂದೆ ಆಡುವ ಗೇಮೂ ಅಲ್ಲ.

ರಾಜ್ಯ ಕಟ್ಟಿ ಯುದ್ಧ ಮಾಡುವ ಏಜ್ ಆಫ್ ಎಂಪೈರ್ಸ್ 2 ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಅದನ್ನು ಹಳೇ ಗೇಮ್ ಅನ್ನುವುದೇ ಕಷ್ಟ. 1999ರಲ್ಲಿ 13 ನಾಗರಿಕತೆಗಳಿದ್ದವು. 2019ರ ಡೆಫಿನಿಟಿವ್ ಎಡಿಷನ್ ಬಂದಮೇಲೂ ಸೇರಿಸುತ್ತಲೇ ಇದ್ದಾರೆ, 2022ರಲ್ಲಿ ದ್ರಾವಿಡರು ಬಂದರು, ಉರುಮಿ ಅನ್ನುವ ಬಳುಕುವ ಕತ್ತಿ ಬೀಸುವ ಅವರ ಯೋಧರು ಬಂದರು. ಹೊಲ ತಾನಾಗಿಯೇ ಮತ್ತೆ ಬಿತ್ತನೆಯಾಗುತ್ತದೆ, ಮೊದಲಿನ ಹಾಗೆ ಒಂದೊಂದಕ್ಕೂ ಓಡಬೇಕಿಲ್ಲ. ಜರ್ಮನಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಶನಿವಾರ ರಾತ್ರಿ ಜೊತೆಗೆ ಸೇರುತ್ತಾನೆ. ಇಬ್ಬರೂ ದ್ರಾವಿಡರನ್ನೇ ಆರಿಸುತ್ತೇವೆ, ಕುದುರೆ ಸೈನ್ಯದವರು ಬಂದರೆ ಒದ್ದಾಡುತ್ತೇವೆ.

ಕೊಳ್ಳುವವರಿಗೆ ಒಂದೆರಡು ಮಾತು. ಹಾಸನದ ಡಬ್ಬವನ್ನು ಬೆಂಗಳೂರಿಗೆ ತಂದು ನಮ್ಮ ಎಲ್‌ಇಡಿ ಟಿವಿಗೆ ಹಾಕಿದಾಗ ಮಗಳು ಪ್ರತಿ ಗುಂಡಿಗೂ ಬೀಳತೊಡಗಿದಳು. ಹೊಸ ಟಿವಿಗಳು ಚಿತ್ರವನ್ನು ತಿದ್ದಿ ತೋರಿಸಲು ಕಣ್ಣಿಗೆ ಕಾಣದಷ್ಟು ತಡಮಾಡುತ್ತವೆ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ, ಬಹಳ ಕಡಿಮೆಯಾಗುತ್ತದೆ. ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ, ಹಳೇ ಟಿವಿಯ 4:3 ಅಳತೆಯಲ್ಲೇ ಇಡಿ. ಗನ್ ಹಿಡಿದು ಬಾತುಕೋಳಿ ಹೊಡೆಯುವ ಗೇಮ್ ಹೊಸ ಟಿವಿಯಲ್ಲಿ ನಡೆಯುವುದೇ ಇಲ್ಲ, ಆ ಗನ್ನಿಗೆ ಹಳೇ ಪಿಕ್ಚರ್ ಟ್ಯೂಬ್ ಟಿವಿಯ ಬೆಳಕೇ ಬೇಕು. ಕೊನೆಗೆ ನಾವು ಅಮ್ಮನ ಹಳೇ ಟಿವಿಯನ್ನೂ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದೆವು.

ಮಾರಿಯೋದಲ್ಲಿ ಗೇಮ್ ಓವರ್ ಆದಮೇಲೆ ಎ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಔಟ್ ಆದ ವರ್ಲ್ಡ್‌ನ ಮೊದಲ ಸ್ಟೇಜಿಗೆ ಹೋಗಬಹುದು. ಮಾಡಿದವರೇ ಇಟ್ಟಿದ್ದು, ನಮಗೆ ಆಗ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಸ್ವಿಚ್ ಆಫ್ ಆದರೆ ಅದೂ ಹೋಯಿತು. ಕರೆಂಟ್ ಹೋಗಿ ಎಷ್ಟು ಸಲ ಹಾಗಾಗಿತ್ತೋ. ಈಗ ಯುಪಿಎಸ್ ಲೈನಿಗೆ ಹಾಕಿದ್ದೇವೆ. ಮಗಳು 8-3ರಲ್ಲಿದ್ದಾಳೆ, ಸುತ್ತಿಗೆ ಎಸೆಯುವ ಆ ಜೋಡಿಗಳನ್ನು ದಾಟಲು ನಾಲ್ಕು ದಿನದಿಂದ ಆಡುತ್ತಿದ್ದಾಳೆ. ಅಡ್ಡದಾರಿಯ ಪೈಪು ತೋರಿಸುತ್ತೇನೆ ಅಂದರೂ ಬೇಡ ಅಂದಿದ್ದಳು, ಒಂದೊಂದೇ ವರ್ಲ್ಡ್ ದಾಟಿ ಬಂದಿದ್ದಾಳೆ. ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಸ್ವಿಚ್‌ಬೋರ್ಡ್ ಮೇಲೆ ನೋಟ್‌ಬುಕ್ಕಿನ ಹಾಳೆ ಅಂಟಿಸಿ ಹೋದಳು: 'ಯಾರೂ ಮುಟ್ಟಬಾರದು. ಅಪ್ಪ ಕೂಡ.'