ಬೇವಿನ ಕೊಂಬೆ ಕಡಿದವರಿಗೆ ಐದಕ್ಕೆ ಮೂರೂವರೆ

ರಾಯಚೂರಿನ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ, ಕಾಂಪೌಂಡ್‌ಗೆ ಅಂಟಿಕೊಂಡೇ ಒಂದು ಬೇವಿನ ಮರ ಇದೆ. ನಮಗೆ ಅದು ನೆರಳು, ಪಕ್ಕದ ಮನೆ ಕಾಕಾಗೆ ಬರೀ ಕಸ. ಎರಡು ವರ್ಷ ಇದೇ ಜಗಳ. ಕೊನೆಗೆ ಮರ ಕಡಿಯುವವರನ್ನು ಕರೆಸಿದೆವು. ಬಂದವರು ನೇರವಾಗಿ ಹೇಳಿದರು, "1976ರ ಮರ ಸಂರಕ್ಷಣೆ ಕಾಯ್ದೆ ಐತ್ರಿ, ಅರಣ್ಯ ಇಲಾಖೆ ಪರ್ಮಿಷನ್ ತಂದ ಮೇಲೇ ಕೊಡಲಿ ಮುಟ್ಟೋದು." ಬುಡಸಮೇತ ಕಡಿಸ್ತೀನಿ ಅಂತಿದ್ದ ಕಾಕಾ ಅಲ್ಲೇ ತಣ್ಣಗಾದರು. ಪರ್ಮಿಷನ್ ಬಂದ ಮೇಲೆ ಹಗ್ಗ ಕಟ್ಟಿ ಒಂದೊಂದೇ ಕೊಂಬೆ ಇಳಿಸಿದರು, ಕಾಕಾನ ತಗಡಿನ ಶೀಟಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ಸೊಪ್ಪು ಗುಡ್ಡೆ ಹಾಕಿ ಹೋದವರು ಮೂರು ದಿನ ಫೋನೇ ಎತ್ತಲಿಲ್ಲ, ಆಮೇಲೆ ಸಾಗಿಸೋಕೆ ಬೇರೆ ದುಡ್ಡು ಕೇಳಿದರು. ನೀವು ಮೊದಲೇ ಮಾತಾಡಿಕೊಳ್ಳಿ. ಈಗ ಮಧ್ಯಾಹ್ನ ಕಾಕಾ ಕುರ್ಚಿ ಹಾಕಿಕೊಳ್ಳೋದು ನಮ್ಮ ಕಡೆ ನೆರಳಲ್ಲೇ!