ತುಮಕೂರಿನ ಹಳೇ ಸಿಡಿ ಅಂಗಡಿ, ಒಪೆರಾ ಕೂಡ ಸಿಗುತ್ತೆ ಕಣ್ರೀ

ಎಂಜಿ ರೋಡ್ ಹತ್ರ ಇರೋ ಅಂಗಡಿ, ರಾಜಣ್ಣನ ಹಾಡು ಹುಡುಕ್ತಾ ಇದ್ರೆ ಕೆಳಗಿನ ರ‍್ಯಾಕಲ್ಲಿ ಧೂಳು ಹಿಡ್ಕೊಂಡು ‘ಲಾ ಪುರ್ಪುರಾ ದೆ ಲಾ ರೋಸಾ’ ಅನ್ನೋ ಒಪೆರಾದ (ಹಾಡಲ್ಲೇ ಆಡೋ ನಾಟಕ) ಸಿಡಿ, ಚೌಕಾಸಿ ಮಾಡಿ ನೂರೈವತ್ತಕ್ಕೆ ತಗೊಂಡೆ. 1701ರಲ್ಲಿ, ಆಗ ಸ್ಪೇನಿನ ಕೈಲಿದ್ದ ಪೆರುವಿನ ಲಿಮಾದಲ್ಲಿ, ವೈಸ್‌ರಾಯ್ ಅರಮನೇಲಿ ಆಡಿದ್ದು, ಸ್ಪೇನಿನ ಹೊಸ ರಾಜ ಐದನೇ ಫಿಲಿಪ್ಪನ 18ನೇ ಹುಟ್ಟುಹಬ್ಬದ ನೆಪದಲ್ಲಿ, ಅಮೆರಿಕಾ ಖಂಡದಲ್ಲಿ ಉಳ್ಕೊಂಡಿರೋ ಒಪೆರಾಗಳಲ್ಲಿ ಇದೇ ಹಳೇದು. ಸಾಹಿತ್ಯ ಸ್ಪೇನಿನ ನಾಟಕಕಾರ ಕಾಲ್ದೆರೋನ್‌ದು, ಅಷ್ಟೊತ್ತಿಗೆ ಆತ ಸತ್ತು 20 ವರ್ಷ, ಸಂಗೀತ ತೊರ್ರೆಹೋನ್ ಇ ವೆಲಾಸ್ಕೊ. ಗ್ರೀಕ್ ಪುರಾಣದ ಚೆಲುವ ಅಡೋನಿಸ್‌ಗೆ ಕಾಡುಹಂದಿ ತಿವಿದು ಅವನ ರಕ್ತಕ್ಕೆ ಗುಲಾಬಿ ಕೆಂಪಾಗೋ ಕತೆ, ನಮ್ಮ ಬಯಲಾಟದೋರಿಗೆ ಸಿಕ್ಕಿದ್ರೆ ಬೆಳಗಿನ ಜಾವದವರೆಗೂ ಎಳೀತಿದ್ರು ಬಿಡಿ. ಅದೇ ಮಟ್ಟು ಪದ್ಯ ಪದ್ಯಕ್ಕೂ ಬರ್ತಾ ಇರುತ್ತೆ, ಸಖತ್ ಹಿಡ್ಕೊಳ್ಳುತ್ತೆ. ಮೆಕ್ಸಿಕೋದಲ್ಲಿ 1711ರಲ್ಲಿ ಆಡಿದ ಸುಮಾಯಾನ ‘ಪಾರ್ತೆನೋಪೆ’ ಒಪೆರಾ ಸಿಗುತ್ತಾ ಅಂತ ಮಾತ್ರ ಕೇಳ್ಬೇಡಿ, ಅದರ ಸಂಗೀತನೇ ಕಳೆದೋಗಿದೆ. ಸಿಡಿ ಡಬ್ಬಿ ಬಿರುಕು, ಒಳಗೆ ಬುಕ್‌ಲೆಟ್ ಇಲ್ಲ, ಅದಕ್ಕೇ ಒಂದು ಸ್ಟಾರ್ ಕಟ್.